ಆಸ್ಪತ್ರೆಯೊಳಗೆ ಬಂದ ಕ್ಯಾಮೆರಾ

ನನ್ನ ಹಿರಿಯಣ್ಣ ತೀರಿಕೊಂಡ ರಾತ್ರಿ ನಾನು ಒಬ್ಬ ಕಿರಿಯ ವೈದ್ಯರ ಮೇಲೆ ಕೂಗಾಡಿದ್ದೆ. ಅವರು ಅರ್ಧ ಗಂಟೆಯ ಕಾಲ ಅಣ್ಣನ ಎದೆಯನ್ನು ಒತ್ತಿ ಒತ್ತಿ ಬೆವೆತು ಹೋಗಿದ್ದರು. ಯಂತ್ರದ ಪರದೆಯ ಮೇಲೆ ಗೆರೆ ನೇರವಾಗಿತ್ತು. "ಶಾಕ್ ಕೊಡಿ ಡಾಕ್ಟರೇ, ಯಾಕೆ ಸುಮ್ಮನೆ ನಿಂತಿರಿ?" ಎಂದು ನಾನು ಗಟ್ಟಿಯಾಗಿ ಕೇಳಿದೆ. ಅವರು ತಲೆ ತಗ್ಗಿಸಿದರು. ಅದನ್ನು ನಾನು ತಪ್ಪಿನ ಒಪ್ಪಿಗೆಯೆಂದೇ ತಿಳಿದೆ. ಬಹಳ ದಿನಗಳ ಮೇಲೆ ವೈದ್ಯಮಿತ್ರರೊಬ್ಬರು ನನ್ನನ್ನು ಕೂರಿಸಿಕೊಂಡು ವಿವರಿಸಿದರು: ವಿದ್ಯುತ್ ಆಘಾತವು ಲಯ ತಪ್ಪಿ ಅದುರುವ ಹೃದಯಕ್ಕೆ ಕೊಡುವಂಥದು, ಗೆರೆ ನೇರವಾದ ಮೇಲೆ ಅದರಿಂದ ಪ್ರಯೋಜನವಿಲ್ಲ. ಮೂವತ್ತು ವರ್ಷಗಳಿಗೂ ಮೀರಿ ಮಕ್ಕಳಿಗೆ ಚರಿತ್ರೆ ಹೇಳಿದ ನಾನು ವೈದ್ಯಶಾಸ್ತ್ರವನ್ನು ಮಾತ್ರ ಟಿವಿಯಿಂದ ಕಲಿತಿದ್ದೆ!

ಆ ರಾತ್ರಿಯ ನಾಚಿಕೆಯೇ ಈ ಬರಹಕ್ಕೆ ಮೂಲ. ಕೆಲವು ವರ್ಷಗಳ ಹಿಂದೆ ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದಾಗ, ಚಳಿಗಾಲದ ದೀರ್ಘ ಸಂಜೆಗಳಲ್ಲಿ ಆಸ್ಪತ್ರೆಗಳ ರಿಯಾಲಿಟಿ ಕಾರ್ಯಕ್ರಮಗಳನ್ನು ನೋಡುವ ಅಭ್ಯಾಸವಾಯಿತು. ಅವುಗಳಲ್ಲಿ ನಟರಿಲ್ಲ. ವೈದ್ಯರು, ದಾದಿಯರು, ರೋಗಿಗಳು ಎಲ್ಲರೂ ನಿಜವಾದವರೇ. ಹಾಗಾದರೆ ತೋರಿಸಿದ್ದೆಲ್ಲವೂ ನಿಜವೇ? ಈ ಪ್ರಶ್ನೆಯ ಬೆನ್ನು ಹತ್ತಿ ನಾನು ಅವುಗಳ ಚರಿತ್ರೆಯನ್ನು ಹುಡುಕತೊಡಗಿದೆ. ಮೇಷ್ಟ್ರ ಹಳೆಯ ಚಾಳಿ.

ಬ್ರಿಟನ್ನಿನಲ್ಲಿ ಈ ಕಥೆಯ ಬಹುಮುಖ್ಯ ಅಧ್ಯಾಯ ಶುರುವಾಗುವುದು 1958ರಲ್ಲಿ. ಆ ವರ್ಷ ಬಿಬಿಸಿ 'ಯುವರ್ ಲೈಫ್ ಇನ್ ದೇರ್ ಹ್ಯಾಂಡ್ಸ್', ಅಂದರೆ 'ನಿಮ್ಮ ಜೀವ ಅವರ ಕೈಯಲ್ಲಿ' ಎಂಬ ಸರಣಿಯನ್ನು ಆರಂಭಿಸಿತು. ಅದನ್ನು ನಿರೂಪಿಸಿದ ಡಾ. ಚಾರ್ಲ್ಸ್ ಫ್ಲೆಚರ್ ಸಾಮಾನ್ಯರಲ್ಲ. 1941ರಲ್ಲಿ ಆಕ್ಸ್‌ಫರ್ಡಿನ ರೋಗಿಯೊಬ್ಬನಿಗೆ ಪೆನಿಸಿಲಿನ್ ಚುಚ್ಚುಮದ್ದು ಕೊಟ್ಟು ಅದರ ಚರಿತ್ರಾರ್ಹ ಪ್ರಯೋಗಕ್ಕೆ ಕೈಹಾಕಿದ ತರುಣ ವೈದ್ಯರು ಇವರೇ. ಧೂಮಪಾನದ ಅಪಾಯವನ್ನು ಸಾರಿದ 1962ರ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ ವರದಿಯ ಹಿಂದೆಯೂ ಇವರ ಶ್ರಮವಿತ್ತು. ರೋಗಿಗೆ ತನ್ನ ರೋಗದ ಬಗ್ಗೆ ತಿಳಿಸಿ ಹೇಳಬೇಕೆಂಬುದು ಅವರ ನಂಬಿಕೆ. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಗೆ ಆಗ ಹತ್ತು ವರ್ಷವೂ ತುಂಬಿರಲಿಲ್ಲ. ತೆರಿಗೆ ಕೊಡುವ ಪ್ರಜೆಗೆ ತನ್ನ ಆಸ್ಪತ್ರೆಯ ಒಳಗನ್ನು ಕಾಣುವ ಹಕ್ಕಿದೆಯೆಂಬ ಭಾವನೆ ಗಾಳಿಯಲ್ಲಿತ್ತು.

ಆದರೆ ವೈದ್ಯಸಮುದಾಯವೇ ಸಿಡಿದೆದ್ದಿತು. ಬ್ರಿಟಿಷ್ ವೈದ್ಯಕೀಯ ಸಂಘವು ಪ್ರತಿಭಟಿಸಿತು. ಶಸ್ತ್ರಚಿಕಿತ್ಸೆಯನ್ನು ಮನೆಯ ಹಜಾರದಲ್ಲಿ ಕೂತು ನೋಡಿದವರು ಇಲ್ಲದ ಕಾಯಿಲೆಗಳನ್ನು ಊಹಿಸಿಕೊಂಡು ಹೆದರುತ್ತಾರೆ ಎಂಬುದು ಅವರ ಆಕ್ಷೇಪ. ಈ ವಾಗ್ವಾದದ ಗದ್ದಲದಲ್ಲಿ ಇನ್ನೊಂದು ಸಂಗತಿಯನ್ನು ಯಾರೂ ಗಮನಿಸಿದಂತಿಲ್ಲ. 'ಅವರ ಕೈ' ಎಂದರೆ ಯಾರ ಕೈ? ವೈದ್ಯರದು, ಅದರಲ್ಲಿಯೂ ಶಸ್ತ್ರವೈದ್ಯರದು. ಶಸ್ತ್ರಚಿಕಿತ್ಸೆ ಮುಗಿದ ಮೇಲೆ ರೋಗಿಯ ಜೀವ ಹಗಲಿರುಳು ಯಾರ ಕೈಯಲ್ಲಿರುತ್ತದೆಯೋ ಆ ಕೈಗಳನ್ನು ಕುರಿತು ಶೀರ್ಷಿಕೆ ಯೋಚಿಸಿರಲಿಲ್ಲ.

ಅಟ್ಲಾಂಟಿಕ್ಕಿನ ಆಚೆ ದಡದಲ್ಲಿ 1970ರಲ್ಲಿ ಬೇರೆಯೇ ಬಗೆಯ ಚಿತ್ರವೊಂದು ಬಂದಿತು. ಫ್ರೆಡರಿಕ್ ವೈಸ್‌ಮನ್ ಎಂಬ ನಿರ್ದೇಶಕರು ನ್ಯೂಯಾರ್ಕಿನ ಬಡವರು ಹೆಚ್ಚಾಗಿ ಬರುತ್ತಿದ್ದ ಮೆಟ್ರೊಪಾಲಿಟನ್ ಆಸ್ಪತ್ರೆಯಲ್ಲಿ ತೆಗೆದ 'ಹಾಸ್ಪಿಟಲ್' ಎಂಬ ಸಾಕ್ಷ್ಯಚಿತ್ರವದು. ಸಾರ್ವಜನಿಕ ದೂರದರ್ಶನದಲ್ಲಿ ಪ್ರಸಾರವಾಗಿ ಎಮ್ಮಿ ಪ್ರಶಸ್ತಿಯನ್ನೂ ಪಡೆಯಿತು. ಅದರಲ್ಲಿ ನಿರೂಪಕನಿಲ್ಲ, ಹಿನ್ನೆಲೆ ಸಂಗೀತವಿಲ್ಲ. ಒಂದು ದೃಶ್ಯದಲ್ಲಿ ಮನೋವೈದ್ಯರೊಬ್ಬರು ನಿರ್ಗತಿಕ ಯುವಕನೊಬ್ಬನಿಗೆ ನೆರವು ಕೊಡಿಸಲು ಕಲ್ಯಾಣ ಇಲಾಖೆಗೆ ದೂರವಾಣಿ ಮಾಡುತ್ತಾರೆ. ವಾದಿಸುತ್ತಾರೆ, ಬೇಡಿಕೊಳ್ಳುತ್ತಾರೆ. ಆ ತುದಿಯ ಅಧಿಕಾರಿಣಿ ಕೊನೆಗೆ ಫೋನನ್ನೇ ಇಟ್ಟುಬಿಡುತ್ತಾಳೆ. ಕಚೇರಿಯ ಒಂದು ದೂರವಾಣಿಯೂ ವೈದ್ಯನನ್ನು ಸೋಲಿಸಬಲ್ಲದೆಂಬ ಸತ್ಯವನ್ನು ನಾನು ಬೇರೆ ಯಾವ ಕಾರ್ಯಕ್ರಮದಲ್ಲಿಯೂ ಅಷ್ಟು ಸ್ಪಷ್ಟವಾಗಿ ಕಂಡಿಲ್ಲ.

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ವಿಡಿಯೊ ಕ್ಯಾಮೆರಾಗಳು ಸಣ್ಣದಾಗಿದ್ದವು, ಟಿವಿ ವಾಹಿನಿಗಳು ಹೆಚ್ಚಿದ್ದವು. ನಟರಿಗೆ ಸಂಭಾವನೆ ಕೊಡಬೇಕಿಲ್ಲದ, ಕಥೆಗಾರನ ಹಂಗಿಲ್ಲದ ಕಾರ್ಯಕ್ರಮಗಳು ಅಗ್ಗವಾಗಿ ಒದಗಿದವು. 1987ರಲ್ಲಿ ಲೀಡ್ಸ್ ನಗರದ ಸೇಂಟ್ ಜೇಮ್ಸ್ ಆಸ್ಪತ್ರೆಯ ದಿನಚರಿಯನ್ನು ತೋರಿಸುವ 'ಜಿಮ್ಮೀಸ್' ಬಂದಿತು. ಆಸ್ಟ್ರೇಲಿಯಾದಲ್ಲಿ 1995ರಿಂದ 2012ರವರೆಗೆ ಸಿಡ್ನಿಯ ರಾಯಲ್ ಪ್ರಿನ್ಸ್ ಆಲ್ಫ್ರೆಡ್ ಆಸ್ಪತ್ರೆಯ 'ಆರ್‌ಪಿಎ' ನಡೆಯಿತು. ಅಮೆರಿಕದಲ್ಲಿ 1989ರಲ್ಲಿ ಆರಂಭವಾದ 'ರೆಸ್ಕ್ಯೂ 911' ನಿಜವಾದ ಅಪಘಾತಗಳನ್ನು ಮರುನಟನೆಯೊಡನೆ ತೋರಿಸಿದರೆ, 1997ರ 'ಟ್ರಾಮಾ: ಲೈಫ್ ಇನ್ ದಿ ಇ.ಆರ್.' ನೇರವಾಗಿ ತುರ್ತು ಚಿಕಿತ್ಸಾ ಕೊಠಡಿಗೇ ನುಗ್ಗಿತು. ಫ್ಲೆಚರ್ ಅವರ ಕಾಲದಲ್ಲಿ ಉಪಾಧ್ಯಾಯನಂತೆ ಬಂದ ಕ್ಯಾಮೆರಾ ಈಗ ವ್ಯಾಪಾರಿಯಂತೆ ಬಂದಿತ್ತು.

ಇದರ ಪರಿಣಾಮವೇನು? 1996ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನವು ಉತ್ತರ ಕೊಡುತ್ತದೆ. ಸಂಶೋಧಕರು 'ಇ.ಆರ್.', 'ಷಿಕಾಗೊ ಹೋಪ್' ಎಂಬ ಎರಡು ಧಾರಾವಾಹಿಗಳನ್ನೂ ಮೇಲೆ ಹೇಳಿದ 'ರೆಸ್ಕ್ಯೂ 911' ಅನ್ನೂ ಕೂತು ನೋಡಿದರು. ಒಟ್ಟು 97 ಕಂತುಗಳಲ್ಲಿ ನಿಂತ ಹೃದಯವನ್ನು ಎದೆ ಒತ್ತಿ ಎಬ್ಬಿಸುವ ಪ್ರಯತ್ನ 60 ಬಾರಿ ನಡೆದಿತ್ತು. ಆ ಕ್ಷಣಕ್ಕೆ ಬದುಕಿದವರು ಶೇಕಡಾ 75. ಗುಣವಾಗಿ ಮನೆಗೆ ಹೋದಂತೆ ಕಂಡವರು ಶೇಕಡಾ 67. ವೈದ್ಯಕೀಯ ದಾಖಲೆಗಳಲ್ಲಿದ್ದ ಅತ್ಯಂತ ಆಶಾದಾಯಕ ಅಂಕಿಗಿಂತಲೂ ಇದು ಬಹಳ ಹೆಚ್ಚು. ಅಲ್ಲದೆ ಪರದೆಯ ಮೇಲೆ ಹೃದಯ ನಿಂತವರಲ್ಲಿ ಶೇಕಡಾ 65 ಮಂದಿ ಮಕ್ಕಳು ಮತ್ತು ತರುಣರು. ವಾಸ್ತವದಲ್ಲಿ ಹೃದಯ ನಿಲ್ಲುವುದು ಹೆಚ್ಚಾಗಿ ನನ್ನ ಅಣ್ಣನಂಥ ವೃದ್ಧರಿಗೆ. ಈ ಅಂಕಿಗಳನ್ನು ಓದಿದಾಗ, ತಲೆ ತಗ್ಗಿಸಿ ನಿಂತ ಆ ವೈದ್ಯರ ಮುಖ ನನ್ನ ಕಣ್ಣೆದುರಿಗೆ ಬಂದಿತು. ಅವರು ಮೃತ್ಯುವಿನೊಡನೆ ಮಾತ್ರವಲ್ಲ, ಟಿವಿ ನನ್ನ ತಲೆಯಲ್ಲಿ ತುಂಬಿದ್ದ ಅಂಕಿಯೊಡನೆಯೂ ಸೆಣಸಬೇಕಾಗಿತ್ತು.

ಇನ್ನು ರೋಗಿಯ ಮಾತು. ನ್ಯೂಯಾರ್ಕಿನಲ್ಲಿ 2011ರಲ್ಲಿ ನಡೆದ ಪ್ರಸಂಗವೊಂದಿದೆ. ವೃದ್ಧರೊಬ್ಬರು ರಸ್ತೆ ದಾಟುವಾಗ ಕಸದ ಲಾರಿಗೆ ಸಿಕ್ಕಿ ನ್ಯೂಯಾರ್ಕ್-ಪ್ರೆಸ್ಬಿಟೇರಿಯನ್ ಆಸ್ಪತ್ರೆಯಲ್ಲಿ ಪ್ರಾಣ ಬಿಟ್ಟರು. ಆಗ ಅಲ್ಲಿ 'ಎನ್‌ವೈ ಮೆಡ್' ಎಂಬ ಕಾರ್ಯಕ್ರಮದ ಚಿತ್ರೀಕರಣ ನಡೆಯುತ್ತಿತ್ತು. ಮನೆಯವರನ್ನು ಯಾರೂ ಕೇಳಲಿಲ್ಲ. ಮರುವರ್ಷ ಅವರ ಪತ್ನಿ ಮನೆಯಲ್ಲಿ ಕೂತು ಟಿವಿ ನೋಡುತ್ತಿದ್ದಾಗ, ಮುಖ ಮಸುಕು ಮಾಡಿದ ರೋಗಿಯೊಬ್ಬನ ದನಿ ಕೇಳಿಸಿತು. ಆ ದನಿ ಅವರ ಯಜಮಾನರದು! ಗಂಡನ ಕೊನೆಯ ಗಳಿಗೆಯನ್ನು ಆಕೆ ಎಲ್ಲರೊಡನೆ ಒಬ್ಬ ಪ್ರೇಕ್ಷಕಳಾಗಿ ನೋಡಬೇಕಾಯಿತು.

ಕುಟುಂಬದವರು ನ್ಯಾಯಾಲಯಕ್ಕೆ ಹೋದರು. ವೈದ್ಯ ಮತ್ತು ರೋಗಿಯ ನಡುವಣ ಗೋಪ್ಯತೆಯ ಭಂಗಕ್ಕಾಗಿ ಮೊಕದ್ದಮೆ ಮುಂದುವರಿಯಬಹುದೆಂದು 2016ರಲ್ಲಿ ನ್ಯೂಯಾರ್ಕಿನ ಉಚ್ಚತಮ ನ್ಯಾಯಾಲಯವು ತೀರ್ಪಿತ್ತಿತು. ಅದೇ ವರ್ಷ ಆಸ್ಪತ್ರೆಯು ಅಮೆರಿಕದ ಕೇಂದ್ರ ಆರೋಗ್ಯ ಇಲಾಖೆಗೆ 22 ಲಕ್ಷ ಡಾಲರು ತೆರಲು ಒಪ್ಪಿತು. ಮುಖವನ್ನು ಮಸುಕು ಮಾಡಿದರೆ ಸಾಲದು, ಕ್ಯಾಮೆರಾ ಒಳಗೆ ಬರುವ ಮೊದಲೇ ರೋಗಿಯ ಒಪ್ಪಿಗೆ ಬೇಕು ಎಂದು ಇಲಾಖೆ ಸ್ಪಷ್ಟಪಡಿಸಿತು. ವಿಚಿತ್ರವೆಂದರೆ ಅಮೆರಿಕದ ವೈದ್ಯಕೀಯ ಸಂಘವು ಇದೇ ಮಾತನ್ನು 2001ರಲ್ಲಿಯೇ ತನ್ನ ನೀತಿಸಂಹಿತೆಯಲ್ಲಿ ಸೇರಿಸಿತ್ತು. ನೀತಿಯ ಪುಸ್ತಕ ಕಪಾಟಿನಲ್ಲಿತ್ತು, ಕ್ಯಾಮೆರಾ ವಾರ್ಡಿನಲ್ಲಿತ್ತು.

ಅದೇ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡಿದ್ದ, ಅದೇ ಆಸ್ಪತ್ರೆಯ ದಾದಿಯೊಬ್ಬಳ ಕಥೆಯನ್ನು ಇದರ ಪಕ್ಕದಲ್ಲಿ ಇಟ್ಟು ನೋಡಬೇಕು. ರೈಲಿಗೆ ಸಿಕ್ಕವನೊಬ್ಬನಿಗೆ ಚಿಕಿತ್ಸೆ ನಡೆದ ಮೇಲೆ, ಅಸ್ತವ್ಯಸ್ತವಾಗಿ ಬಿದ್ದಿದ್ದ ಖಾಲಿ ಕೊಠಡಿಯ ಚಿತ್ರವನ್ನು ಆಕೆ ಇನ್‌ಸ್ಟಾಗ್ರಾಂನಲ್ಲಿ ಹಾಕಿದಳು. ಚಿತ್ರದಲ್ಲಿ ರೋಗಿಯೇ ಇರಲಿಲ್ಲ. ಆದರೂ ಸಂವೇದನೆಯಿಲ್ಲದ ನಡತೆಯೆಂದು ಆಕೆಯನ್ನು ಕೆಲಸದಿಂದ ತೆಗೆದರು. ಆ ಚಿತ್ರವನ್ನು ಮೊದಲು ಹಾಕಿದ್ದವರು ಒಬ್ಬ ವೈದ್ಯರೆಂದೂ ಅವರಿಗೆ ಯಾವ ಶಿಕ್ಷೆಯೂ ಆಗಲಿಲ್ಲವೆಂದೂ ಆಕೆ ಹೇಳಿಕೊಂಡಳು. ಆಕೆ ಮಾಡಿದ್ದು ಸರಿಯೆಂದು ನಾನು ಹೇಳಲಾರೆ. ಆದರೆ ಸಾಯುತ್ತಿದ್ದ ಮನುಷ್ಯನ ಮುಂದೆ ಟಿವಿಯವರಿಗೆ ಬಾಗಿಲು ತೆರೆದ ಸಂಸ್ಥೆಯೇ ಖಾಲಿ ಕೊಠಡಿಯ ಒಂದು ಚಿತ್ರಕ್ಕಾಗಿ ದಾದಿಯನ್ನು ಹೊರಗಟ್ಟಿತು. ಓದುಗರು ತಾವೇ ತೂಗಿ ನೋಡಲಿ.

ಎಲ್ಲವೂ ಕತ್ತಲೆಯೆಂದಲ್ಲ. ಬ್ರಿಟನ್ನಿನ ಚಾನೆಲ್ 4 ವಾಹಿನಿ 2010ರಲ್ಲಿ ಹೆರಿಗೆ ವಾರ್ಡಿನ 'ಒನ್ ಬಾರ್ನ್ ಎವೆರಿ ಮಿನಿಟ್', 2011ರಲ್ಲಿ '24 ಅವರ್ಸ್ ಇನ್ ಎ ಅಂಡ್ ಇ' ಎಂಬ ಸರಣಿಗಳನ್ನು ತಂದಾಗ ಒಂದು ಬದಲಾವಣೆಯಾಯಿತು. ಎರಡನೆಯದಕ್ಕಾಗಿ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ 70 ಕ್ಯಾಮೆರಾಗಳನ್ನು ಸ್ಥಿರವಾಗಿ ಅಳವಡಿಸಿ 28 ದಿನ ಹಗಲುರಾತ್ರಿ ಚಿತ್ರೀಕರಿಸಿದರು. ಕ್ಯಾಮೆರಾ ಹಿಡಿದವನು ದೊಡ್ಡ ವೈದ್ಯರ ಹಿಂದೆಯೇ ಓಡುತ್ತಾನೆ. ಗೋಡೆಗೆ ಅಂಟಿದ ಕ್ಯಾಮೆರಾ ಎಲ್ಲಿಗೂ ಓಡುವುದಿಲ್ಲವಾದ್ದರಿಂದ, ವೈದ್ಯರು ಹೋದ ಮೇಲೆ ಹಾಸಿಗೆಯ ಬಳಿ ಉಳಿಯುವವರು ಅದಕ್ಕೆ ಕಂಡರು. ವೃದ್ಧೆಯ ಕೈ ಹಿಡಿದು ಕೂತ ದಾದಿ, ತಳ್ಳುಮಂಚ ತಳ್ಳುವ ನೌಕರ, ಸ್ವಾಗತದ ಮೇಜಿನ ಹೆಂಗಸು ಇವರೆಲ್ಲ ಕಥೆಯೊಳಗೆ ಬಂದರು. 2017ರಲ್ಲಿ ಆರಂಭವಾದ ಬಿಬಿಸಿಯ 'ಹಾಸ್ಪಿಟಲ್' ಸರಣಿಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಾಸಿಗೆ ಖಾಲಿಯಿಲ್ಲದ್ದರಿಂದ ಶಸ್ತ್ರಚಿಕಿತ್ಸೆಗಳು ಹೇಗೆ ರದ್ದಾಗುತ್ತವೆಂದು ತೋರಿಸಿತು. ವೈಸ್‌ಮನ್ನರ ದೂರವಾಣಿಯ ದೃಶ್ಯಕ್ಕೆ ಇದು ದೂರದ ನೆಂಟ.

ಹಾಗೆಂದು ಹಳೆಯ ಮೋಹ ಪೂರ್ತಿ ಬಿಟ್ಟಿತೆನ್ನಲಾಗದು. 2011ರಲ್ಲಿ ಬಿಬಿಸಿಯೇ 1958ರ ಆ ಘನವಾದ ಶೀರ್ಷಿಕೆಯನ್ನು ಎರವಲು ಪಡೆದು, ನ್ಯೂಕ್ಯಾಸಲ್ಲಿನ ಕಿರಿಯ ವೈದ್ಯರನ್ನು ಒಂದೇ ಮನೆಯಲ್ಲಿ ಇರಿಸಿ, ಅವರ ಹಗಲಿನ ಕೆಲಸವನ್ನೂ ಬಿಡುವಿನ ಹರಟೆಯನ್ನೂ ಬೆರೆಸಿ 'ಜೂನಿಯರ್ ಡಾಕ್ಟರ್ಸ್' ಎಂಬ ಸರಣಿ ಮಾಡಿತು. 2020ರಲ್ಲಿ ನೆಟ್‌ಫ್ಲಿಕ್ಸಿನಲ್ಲಿ ಬಂದು ಹೆಸರು ಪಡೆದ 'ಲೆನಾಕ್ಸ್ ಹಿಲ್' ಸರಣಿ ಹಿಂಬಾಲಿಸಿದ್ದು ನಾಲ್ವರನ್ನು. ನಾಲ್ವರೂ ವೈದ್ಯರೇ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಗ ಇಂಗ್ಲೆಂಡಿನಲ್ಲಿ ನರ್ಸಾಗಿದ್ದಾಳೆ. ಈ ವಿಷಯ ಪ್ರಸ್ತಾಪಿಸಿದಾಗ ಫೋನಿನಲ್ಲಿ ನಕ್ಕು ಹೇಳಿದಳು: "ಸಾರ್, ನಮ್ಮ ಕೆಲಸಾನ ಟಿವೀಲಿ ತೋರಿಸೋಕೆ ಆಗಲ್ಲ. ರಾತ್ರಿಯೆಲ್ಲ ಎರಡೆರಡು ಗಂಟೆಗೊಮ್ಮೆ ಪೇಷಂಟನ್ನ ಮಗ್ಗುಲು ಬದಲಾಯಿಸಿರ್ತೀವಿ. ಅದರಿಂದ ಬೆನ್ನಿಗೆ ಹುಣ್ಣು ಆಗಿರಲ್ಲ. ಆಗದೇ ಇರೋ ಹುಣ್ಣನ್ನ ಹ್ಯಾಗೆ ತೋರಿಸ್ತಾರೆ ಸಾರ್?" ಅರವತ್ತು ವರ್ಷಗಳ ಚರಿತ್ರೆಯನ್ನು ಓದಿ ನಾನು ಕಾಣಲಾರದ್ದನ್ನು ಆ ಹುಡುಗಿ ಒಂದು ಮಾತಿನಲ್ಲಿ ಹೇಳಿಬಿಟ್ಟಳು. ಟಿವಿಗೆ ಏನಾದರೂ ಆಗಬೇಕು. ಶುಶ್ರೂಷೆಯ ಸಾರ್ಥಕತೆಯಾದರೋ ಏನೂ ಆಗದಂತೆ ನೋಡಿಕೊಳ್ಳುವುದರಲ್ಲಿದೆ. ಬೀಳದ ರೋಗಿ, ಏರದ ಜ್ವರ, ತಪ್ಪದ ಔಷಧ ಇವು ಯಾವ ಕ್ಯಾಮೆರಾಕ್ಕೂ ದೃಶ್ಯವಾಗುವುದಿಲ್ಲ.

ನಮ್ಮ ದೇಶದಲ್ಲಿ ಈ ವಿಷಯದ ದೊಡ್ಡ ಚರ್ಚೆಯೆದ್ದದ್ದು 2012ರಲ್ಲಿ, ಆಮಿರ್ ಖಾನರ 'ಸತ್ಯಮೇವ ಜಯತೇ' ಕಾರ್ಯಕ್ರಮದಿಂದ. ಅದು ಆಸ್ಪತ್ರೆಯೊಳಗಿನ ಚಿತ್ರೀಕರಣವಲ್ಲ, ಸಭಾಂಗಣದ ಮಾತುಕತೆ. ಮೇ 27ರ ಕಂತು ವೈದ್ಯರ ಹಣದಾಸೆಯನ್ನು ಖಂಡಿಸಿತು. ವೈದ್ಯರ ಸಂಘಟನೆಗಳು ಕ್ಷಮೆ ಕೇಳಬೇಕೆಂದವು, ಆಮಿರ್ ಒಪ್ಪಲಿಲ್ಲ. ಡಬ್ಬಿಂಗಿಗೆ ನಮ್ಮ ಚಿತ್ರರಂಗದ ವಿರೋಧವಿದ್ದುದರಿಂದ ಆಗ ಅದು ಕನ್ನಡದಲ್ಲಿ ಬರಲಿಲ್ಲ. ನಾವು ಹಿಂದಿಯಲ್ಲಿಯೇ ನೋಡಿದೆವು. ಅಂದಿನ ವಾದದಲ್ಲಿ ವೈದ್ಯನು ಒಂದೋ ದೇವರು, ಇಲ್ಲವೇ ದರೋಡೆಗಾರ. ಸರದಿಯ ಮೇಲೆ ಸರದಿ ಕೆಲಸ ಮಾಡಿ ದಣಿದ ಮನುಷ್ಯನೂ ಅವನಾಗಿರಬಹುದೆಂದು ಹೇಳಿದವರು ವಿರಳ. ವೈದ್ಯರು, ದಾದಿಯರ ಮೇಲಿನ ಹಲ್ಲೆಯನ್ನು ತಡೆಯಲು ನಮ್ಮ ರಾಜ್ಯ 2009ರಲ್ಲಿಯೇ ಪ್ರತ್ಯೇಕ ಕಾಯಿದೆ ಮಾಡಬೇಕಾಗಿ ಬಂದಿತ್ತೆಂಬುದನ್ನು ಇಲ್ಲಿ ನೆನೆಯುವುದು ಒಳಿತು. ನಾನು ಕೈ ಎತ್ತಲಿಲ್ಲ, ನಿಜ. ಆದರೆ ಅಂದು ನನ್ನ ದನಿ ಏರಿದ ರೀತಿಯನ್ನು ನೆನೆದರೆ, ಕೈ ಎತ್ತುವವನಿಗೂ ನನಗೂ ನಡುವೆ ಬಹಳ ದೂರವಿತ್ತೆಂದು ಹೇಳುವ ಧೈರ್ಯವಿಲ್ಲ.

ಆ ರಾತ್ರಿಯ ಒಂದು ಸಂಗತಿಯನ್ನು ಹೇಳದೆ ಉಳಿಸಿಕೊಂಡಿದ್ದೆ. ನಾನು ವೈದ್ಯರ ಮೇಲೆ ಕೂಗಾಡುತ್ತಿದ್ದಾಗ ಪರದೆಯ ಆಚೆ ಸಿಸ್ಟರ್ ಒಬ್ಬರು ಅಣ್ಣನ ಕೊಳವೆಗಳನ್ನು ಒಂದೊಂದಾಗಿ ತೆಗೆದು, ಒದ್ದೆ ಬಟ್ಟೆಯಿಂದ ಮುಖ ಒರೆಸಿ, ದವಡೆ ಸಡಿಲವಾಗದಂತೆ ಬಟ್ಟೆಯ ಪಟ್ಟಿ ಕಟ್ಟಿ, ತಲೆಗೂದಲನ್ನು ಬಾಚಿದ್ದರು. ಅತ್ತಿಗೆ ಬಂದು ನೋಡಿದಾಗ ಅಣ್ಣ ನಿದ್ದೆ ಹೋದಂತಿದ್ದ. ಅತ್ತಿಗೆ ಇಂದಿಗೂ ನೆನೆಯುವುದು ಆ ಬಾಚಿದ ತಲೆಯನ್ನು. ಆ ಸಿಸ್ಟರ್ ಹೆಸರನ್ನು ನಾನು ಕೇಳಲಿಲ್ಲ. ಮುಖವೂ ನೆನಪಿಲ್ಲ. ಪರದೆಯ ಮೇಲಿನ ಆ ನೇರ ಗೆರೆಯನ್ನೇ ನೋಡುತ್ತ ನಿಂತಿದ್ದೆ.