ಕತ್ತು ನೆಟ್ಟಗಿದ್ರೆ 'ಲಾಸ್' ಅಂತ ಬರೆದವರು ಯಾರು?

(1/6)
ಕತ್ತು ನೋವು ಅಂತ ಎಕ್ಸ್‌ರೇ ತೆಗೆಸಿದವರ ರಿಪೋರ್ಟಲ್ಲಿ ಒಂದು ಸಾಲು ಎಷ್ಟೋ ಸಲ ಇರುತ್ತೆ: 'ಲಾಸ್ ಆಫ್ ಸರ್ವೈಕಲ್ ಲಾರ್ಡೋಸಿಸ್'. ಅಂದ್ರೆ ಕತ್ತಿನ ಮೂಳೆಗಳ ಬಾಗು ಕಮ್ಮಿಯಾಗಿದೆ, ಕತ್ತು ನೆಟ್ಟಗಿದೆ ಅಂತ. ಓದಿದ ತಕ್ಷಣ ಎದೆ ಧಸಕ್ ಅನ್ನುತ್ತೆ. ಬೆಲ್ಟು, ದಿಂಬು, ಪ್ಯಾಕೇಜು ಅಂತ ಖರ್ಚೂ ಶುರುವಾಗುತ್ತೆ.

ಆದ್ರೆ ಕಾಮರ್ಸ್ ಓದೋರು ಒಂದು ನಿಮಿಷ ಯೋಚನೆ ಮಾಡಿ. ಓಪನಿಂಗ್ ಬ್ಯಾಲೆನ್ಸ್ ಗೊತ್ತಿಲ್ಲದೆ ಲಾಸ್ ತೋರಿಸೋಕೆ ಆಗುತ್ತಾ? ನೋವು ಬರೋಕೆ ಮುಂಚೆ ನಿಮ್ಮ ಕತ್ತು ಎಷ್ಟು ಬಾಗಿತ್ತು ಅಂತ ಯಾರೂ ಫೋಟೋ ತೆಗೆದಿಟ್ಟಿರಲ್ಲ. ಹಾಗಾದ್ರೆ ಹೋಲಿಕೆ ಯಾವುದಕ್ಕೆ? 'ನಾರ್ಮಲ್' ಕತ್ತಿಗೆ. ಆ ನಾರ್ಮಲ್ ಕತ್ತು ಯಾರದ್ದು? ಅದೇ ಈ ಕಥೆ. 👇

(2/6)
ನಮ್ಮ ಕತ್ತಿನಲ್ಲಿ 7 ಮೂಳೆ. ಇಲಿಗೂ ಅಷ್ಟೇ, ಜಿರಾಫೆಗೂ ಅಷ್ಟೇ! ಪಕ್ಕದಿಂದ ನೋಡಿದ್ರೆ ಈ ಸಾಲು ಸಾಮಾನ್ಯವಾಗಿ ಮುಂದಕ್ಕೆ ಬಾಗಿರುತ್ತೆ.

1543ರಲ್ಲಿ ವೆಸೇಲಿಯಸ್ ಅನ್ನೋ ವೈದ್ಯ ಮನುಷ್ಯನ ದೇಹದ ಬಗ್ಗೆ ದೊಡ್ಡ ಸಚಿತ್ರ ಪುಸ್ತಕ ತಂದ. ಅಸ್ಥಿಪಂಜರದ ಚಿತ್ರಗಳಿಗೆ ಅದು ಮಾದರಿ ಆಯ್ತು. ಚಿತ್ರದಲ್ಲಿ ಒಂದು ತೊಂದರೆ ಇದೆ: ಬೆನ್ನುಮೂಳೆ ಬರೆಯೋಕೆ ಕೂತರೆ ಒಂದೇ ಬೆನ್ನುಮೂಳೆ ಬರೀಬೇಕು. ಸಾವಿರ ಜನರದ್ದು ಸಾವಿರ ಥರ ಇರುತ್ತೆ ಅನ್ನೋದು ಒಂದು ಪುಟದಲ್ಲಿ ಹಿಡಿಸಲ್ಲ.

ಬದುಕಿರೋ ಮನುಷ್ಯನ ಕತ್ತಿನ ಮೂಳೆ ನೋಡೋಕೆ 1895ರವರೆಗೂ ಕಾಯಬೇಕಾಯ್ತು. ಆ ವರ್ಷ ನವೆಂಬರಲ್ಲಿ ಜರ್ಮನಿಯ ವುರ್ಟ್ಸ್‌ಬರ್ಗ್‌ನಲ್ಲಿ ರಾಂಟ್‌ಜೆನ್ ಎಕ್ಸ್‌ರೇ ಕಂಡುಹಿಡಿದರು.

(3/6)
ಇಷ್ಟರಲ್ಲಿ ನಮ್ಮ ಸಬ್ಜೆಕ್ಟಿನ ಒಬ್ಬರು ಈ ಕಥೆಗೆ ಬಂದಾಗಿತ್ತು. ಬೆಲ್ಜಿಯಂನ ಕೆಟ್ಲೆ. ಮೂಲತಃ ಖಗೋಳಶಾಸ್ತ್ರಜ್ಞ. ಒಂದೇ ನಕ್ಷತ್ರವನ್ನ ಹತ್ತು ಸಲ ಅಳೆದರೆ ಹತ್ತು ಉತ್ತರ ಬರುತ್ತೆ, ಅವುಗಳ ಸರಾಸರಿ ನಿಜಕ್ಕೆ ಹತ್ತಿರ, ಉಳಿದ ವ್ಯತ್ಯಾಸ ಅಳತೆಯ ತಪ್ಪು. ಇದೇ ಲೆಕ್ಕವನ್ನ ಅವರು 1835ರ ಪುಸ್ತಕದಲ್ಲಿ ಮನುಷ್ಯರಿಗೆ ಹಚ್ಚಿ, 'ಸರಾಸರಿ ಮನುಷ್ಯ' ಅನ್ನೋ ಕಲ್ಪನೆ ಕೊಟ್ಟರು. ಅವರ ಪ್ರಕಾರ ಆ ಸರಾಸರಿಯೇ ಆದರ್ಶ.

ಎಡವಟ್ಟಾಗಿದ್ದು ಇಲ್ಲೇ. ನಕ್ಷತ್ರ ಒಂದೇ, ಆದ್ರೆ ಮನುಷ್ಯರು ಒಂದೇ ಅಲ್ವಲ್ಲ! ನನ್ನ ಕತ್ತಿಗೂ ನಿಮ್ಮ ಕತ್ತಿಗೂ ಇರೋ ವ್ಯತ್ಯಾಸ ಅಳತೆಯ ತಪ್ಪಲ್ಲ. ಅದು ಇರೋದೇ ಹಾಗೆ. ಸ್ಟ್ಯಾಟಿಸ್ಟಿಕ್ಸಲ್ಲಿ ಸರಾಸರಿ ಆದ ಮೇಲೆ ಸ್ಟ್ಯಾಂಡರ್ಡ್ ಡೀವಿಯೇಶನ್ ಯಾಕೆ ಕಲಿಸ್ತಾರೆ ಅಂತ ಈಗ ಗೊತ್ತಾಯ್ತಾ?

(4/6)
ಆದರ್ಶ ಅಂತ ಒಂದು ಆಕಾರ ಸಿಕ್ಕಿದ ಮೇಲೆ ಮಾರ್ಕ್ಸ್ ಹಾಕೋರೂ ಬಂದರು. 1917ರಲ್ಲಿ ಅಮೆರಿಕದ ಡಾಕ್ಟರ್ ಲಾಯ್ಡ್ ಬ್ರೌನ್, ಹಾರ್ವರ್ಡಿನ 746 ಹುಡುಗರನ್ನ ಪರೀಕ್ಷೆ ಮಾಡಿ, ಅವರು ನಿಲ್ಲೋ ಭಂಗಿಗೆ ಎ, ಬಿ, ಸಿ, ಡಿ ಅಂತ ಗ್ರೇಡ್ ಕೊಟ್ಟರು. ಸುಮಾರು 80% ಹುಡುಗರ ಭಂಗಿ ಸರಿಯಿಲ್ಲ ಅಂತ ತೀರ್ಮಾನ!

ಒಂದು ಕ್ಲಾಸಲ್ಲಿ 80% ಫೇಲಾದ್ರೆ ನಾವು ಏನಂತೀವಿ? ಮೊದಲು ಕ್ವೆಶ್ಚನ್ ಪೇಪರ್ ನೋಡಿ ಸಾರ್ ಅಂತೀವಿ. ಆಗ ಹೆಚ್ಚಿನವರು ಹಾಗೆ ಕೇಳಲಿಲ್ಲ. ನೆಟ್ಟಗೆ ನಿಲ್ಲಿಸೋ ಕಸರತ್ತು, ಕುರ್ಚಿ, ಬಟ್ಟೆ ಎಲ್ಲಾ ಭರ್ಜರಿ ವ್ಯಾಪಾರ ಆಯ್ತು.

(5/6)
ಕೊನೆಗೆ ನೋವಿಲ್ಲದವರ ಕತ್ತನ್ನೂ ಎಣಿಸೋ ಕೆಲಸ ನಡೀತು. ನನಗೆ ತುಂಬಾ ಇಷ್ಟವಾದದ್ದು 1994ರಲ್ಲಿ ಇಂಗ್ಲೆಂಡಿನ ಹೆಲಿವೆಲ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ. ನೋವಿಂದ ಸ್ನಾಯು ಬಿಗಿದು ಕತ್ತು ನೆಟ್ಟಗಾಗುತ್ತೆ ಅನ್ನೋ ನಂಬಿಕೆ ನಿಜಾನಾ ಅಂತ ಅವರು ಪರೀಕ್ಷೆ ಮಾಡಿದರು. ನೆಟ್ಟಗಿನ ಕತ್ತು ಕಂಡಿದ್ದು:

▪️ ಈಗಷ್ಟೇ ನೋವು ಬಂದವರಲ್ಲಿ: 19%
▪️ ಬಹಳ ದಿನದಿಂದ ನೋವಿದ್ದವರಲ್ಲಿ: 26%
▪️ 1958ರ ಸಮೀಕ್ಷೆಯಲ್ಲಿ ತೆಗೆದಿದ್ದ ಸಾಮಾನ್ಯ ಜನರ ಎಕ್ಸ್‌ರೇಗಳಲ್ಲಿ: 42%

ಇನ್ನೊಂದ್ಸಲ ಓದಿ. ಆಸ್ಪತ್ರೆಗೆ ಬಂದವರಿಗಿಂತ ಸಾಮಾನ್ಯ ಜನರಲ್ಲೇ ಜಾಸ್ತಿ. ಅದೂ 1958, ಮೊಬೈಲ್ ಇಲ್ಲದ ಕಾಲ! ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು ಅಂತಾನೂ ಕಂಡುಬಂತು. ಹಾಗಂತ ನೆಟ್ಟಗಿನ ಕತ್ತಿಗೆ ನೋವೇ ಬರಲ್ಲ ಅಂತ ಅರ್ಥ ಅಲ್ಲ. ಬಾಗು ನೋಡಿ ನೋವಿನ ಕಾರಣ ಹೇಳೋಕೆ ಆಗಲ್ಲ, ಅಷ್ಟೇ. ಎಕ್ಸ್‌ರೇ ತೆಗೆಯುವಾಗ ಗದ್ದ ಸ್ವಲ್ಪ ಕೆಳಗಿಳಿಸಿದ್ರೂ ಬಾಗು ಬೇರೆ ಥರ ಕಾಣುತ್ತೆ.

(6/6)
'ಮೊಬೈಲ್ ನೋಡಿದ್ರೆ ಕತ್ತಿನ ಮೇಲೆ 27 ಕೆಜಿ ಭಾರ' ಅನ್ನೋ ರೀಲ್ ನೀವೂ ನೋಡಿರ್ತೀರಿ. ಅದರ ಮೂಲ 2014ರಲ್ಲಿ ನ್ಯೂಯಾರ್ಕಿನ ಸರ್ಜನ್ ಹಂಸರಾಜ್ ಮಾಡಿದ ಲೆಕ್ಕ: ತಲೆ 60 ಡಿಗ್ರಿ ಬಗ್ಗಿಸಿದ್ರೆ ಅಷ್ಟು ಭಾರ. ಆದ್ರೆ ಅದು ಕಂಪ್ಯೂಟರ್ ಮಾಡೆಲ್. ಯಾರಿಗೆ ನೋವು ಬಂತು, ಯಾರ ಕತ್ತು ನೆಟ್ಟಗಾಯ್ತು ಅಂತ ಜನರನ್ನ ನೋಡಿ ಹೇಳಿದ್ದಲ್ಲ. ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಕೂರಬೇಡಿ, ಎದ್ದು ಓಡಾಡಿ, ಸರಿ. ಆದ್ರೆ 'ನನ್ನ ಕತ್ತು ಹಾಳಾಗೋಯ್ತು' ಅಂತ ಕೊರಗೋದು ಬೇಡ.

⚠️ ಕೈ ಜೋಮು ಹಿಡಿಯೋದು, ಕೈಯಲ್ಲಿ ಬಲ ಕಮ್ಮಿಯಾಗೋದು, ನಡಿಗೆ ತಪ್ಪೋದು, ಜ್ವರದ ಜೊತೆ ಕತ್ತು ಬಿಗಿಯೋದು, ಬಿದ್ದು ಪೆಟ್ಟಾಗಿರೋದು: ಇವುಗಳಲ್ಲಿ ಯಾವುದಿದ್ರೂ ಇದನ್ನ ಓದ್ತಾ ಕೂರಬೇಡಿ, ಡಾಕ್ಟರ್ ಹತ್ರ ಹೋಗಿ. ಬಾಗು ತೀರಾ ಹಿಂದುಮುಂದಾಗಿ ನರಕ್ಕೆ ಒತ್ತೋ ಪ್ರಕರಣಗಳೂ ಇವೆ, ಅದನ್ನ ಅವರೇ ನೋಡಿ ಹೇಳಬೇಕು.

ಮನೇಲಿ ಅಮ್ಮನೋ ಅಕ್ಕನೋ ಆ ಒಂದು ಸಾಲು ಓದಿ ನಿದ್ದೆಗೆಟ್ಟಿದ್ರೆ ಇದನ್ನ ಕಳಿಸಿ. ಮುಂದಿನ ಸಲ ಡಾಕ್ಟರ್ ಹತ್ರ 'ನನ್ನ ನೋವಿಗೆ ಇದೇ ಕಾರಣಾನಾ, ಇಲ್ಲ ನನ್ನ ಕತ್ತು ಇರೋದೇ ಹೀಗಾ?' ಅಂತ ಕೇಳೋಕೆ ಹೇಳಿ. ಕೇಳೋಕೆ ಹಕ್ಕಿದೆ.

#ಕನ್ನಡ #ಇತಿಹಾಸ #ಕತ್ತಿನಕಥೆ