ಸೋತ ಮೀನಿಗೆ ದಾರಿ: ಸಿಕ್ಲಿಡ್ ಸಾಕಣೆಯ ನೂರು ವರ್ಷ

ಫ್ಲವರ್‌ಹಾರ್ನ್ ಮನೆಗೆ ಅದೃಷ್ಟ ತರುತ್ತದೆ, ಆದರೆ ಭಾರಿ ಜಗಳಗಂಟ ಮೀನು, ಒಂಟಿಯಾಗಿಯೇ ಇಡಬೇಕು. ಬೆಂಗಳೂರಿನ ಅಕ್ವೇರಿಯಂ ಅಂಗಡಿಗಳಲ್ಲಿ ಸಿಕ್ಲಿಡ್ ಮೀನುಗಳ ಬಗ್ಗೆ ಗಿರಾಕಿಗೆ ಸಿಗುವ ತಿಳಿವಳಿಕೆ ಸಾಮಾನ್ಯವಾಗಿ ಇಷ್ಟೇ. ಎರಡು ಅಡಿಯ ತೊಟ್ಟಿ, ತಳದಲ್ಲಿ ಬಣ್ಣ ಬಳಿದ ಕಲ್ಲು, ಒಂದು ಏರ್ ಪಂಪು, ಒಂದು ಮೀನು. ವಾಸ್ತುವಿನ ಪ್ರಕಾರ ಯಾವ ಮೂಲೆಯಲ್ಲಿಡಬೇಕು ಎಂದು ಹೇಳುವವರು ಬೇಕಾದಷ್ಟು ಜನ. ಆ ಮೀನು ಯಾಕೆ ಕಾದಾಡುತ್ತದೆ, ಅದನ್ನು ಹೇಗೆ ಸಾಕಬೇಕು ಎಂಬುದರ ಹಿಂದೆ ನೂರು ವರ್ಷಕ್ಕೂ ಮಿಕ್ಕಿದ ಅನುಭವವಿದೆ, ಗಟ್ಟಿಯಾದ ವಿಜ್ಞಾನವೂ ಇದೆ. ಅದು ಕನ್ನಡ ಓದುಗರಿಗೆ ತಲುಪಿಲ್ಲ.

ಸಿಕ್ಲಿಡ್ ನಮಗೆ ಅಪರಿಚಿತ ಕುಟುಂಬವೇನಲ್ಲ. 1952ರಲ್ಲಿ ಭಾರತಕ್ಕೆ ತಂದ, ಇಂದು ನಮ್ಮ ಕೆರೆಗಳಲ್ಲಿ ತುಂಬಿಕೊಂಡಿರುವ ಜಿಲೇಬಿ ಮೀನು, ಅಂದರೆ ತಿಲಾಪಿಯಾ, ಈ ಕುಟುಂಬದ್ದೇ. ಬೇಸಿಗೆಯಲ್ಲಿ ನೀರು ಇಳಿದಾಗ ಕೆರೆಯಂಚಿನ ಕೆಸರಿನಲ್ಲಿ ಕಾಣುವ ತಟ್ಟೆಯಾಕಾರದ ಗುಂಡಿಗಳು ಅದರ ಗಂಡುಗಳು ತೋಡಿದ ಗೂಡುಗಳು. ಪ್ರತಿ ಗೂಡಿಗೂ ಒಬ್ಬ ಒಡೆಯ. ಸಿಕ್ಲಿಡ್‌ಗಳು ಹೆಚ್ಚಾಗಿ ಕಾದಾಡುವುದು ಜಾಗಕ್ಕಾಗಿ, ಸಂಗಾತಿಗಾಗಿ, ಮರಿಗಳಿಗಾಗಿ. ಹೊಳೆಯಲ್ಲಿ ಸೋತ ಮೀನು ದೂರ ಈಜಿಹೋದರೆ ಜಗಳ ಅಲ್ಲಿಗೆ ಮುಗಿಯಿತು. ಗಾಜಿನ ತೊಟ್ಟಿಯಲ್ಲಿ ಹೋಗಲು ಜಾಗವಿಲ್ಲ. ಸೋತದ್ದು ಗೆದ್ದದ್ದರ ಕಣ್ಣೆದುರಿಗೇ ಇರುತ್ತದೆ, ಹೊಡೆತ ನಿಲ್ಲುವುದಿಲ್ಲ. ಸೋತ ಮೀನಿಗೆ ದಾರಿ ಮಾಡಿಕೊಡಲು ಮನುಷ್ಯರು ನಿಧಾನವಾಗಿ ಕಲಿತದ್ದೇ ಈ ಸಾಕಣೆಯ ಚರಿತ್ರೆ ಎಂದು ನಾನು ತಿಳಿದಿದ್ದೇನೆ.

ಆರಂಭದ ದಿನಗಳಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಗಾರ ತೆರೆಯಿತು, ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಅವರ ಅಕ್ವೇರಿಯಂ ಕುರಿತ ಪುಸ್ತಕ ಬಂತು. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕ ಖಂಡಗಳ ಸಿಕ್ಲಿಡ್‌ಗಳು ಯುರೋಪಿನ ಹವ್ಯಾಸಿಗಳ ಕೈಸೇರಿದವು. ಮಧ್ಯ ಅಮೆರಿಕದ ಒಂದು ಮೀನಿಗೆ ಆಗಿನ ಹೆವಿವೇಟ್ ಬಾಕ್ಸಿಂಗ್ ಚಾಂಪಿಯನ್ ಜಾಕ್ ಡೆಂಪ್ಸಿಯ ಹೆಸರನ್ನೇ ಇಟ್ಟರು. ಆ ಹೆಸರು ಇಂದಿಗೂ ಉಳಿದಿದೆ, ಅದರ ಜತೆಗೆ ಸಿಕ್ಲಿಡ್ ಎಂದರೆ ರೌಡಿ ಎಂಬ ತಪ್ಪು ಕಲ್ಪನೆಯೂ ಉಳಿದಿದೆ. ಕಬ್ಬಿಣದ ಚೌಕಟ್ಟಿಗೆ ಗಾಜು ಕೂರಿಸಿ ಪುಟ್ಟಿ ಹಚ್ಚಿದ ಅಂದಿನ ಸಣ್ಣ ತೊಟ್ಟಿಗಳಲ್ಲಿ ಅವುಗಳ ಬೇರೆ ಗುಣ ಕಾಣುವುದಕ್ಕೆ ಅವಕಾಶವೇ ಇರಲಿಲ್ಲ.

ದಿಕ್ಕು ಬದಲಿಸಿದವರು ಆಸ್ಟ್ರಿಯಾದ ಪ್ರಾಣಿವರ್ತನಾ ವಿಜ್ಞಾನಿ ಕೊನ್ರಾಡ್ ಲಾರೆಂಜ್. 1973ರಲ್ಲಿ ನೊಬೆಲ್ ಪಡೆದ ಇವರು ಮನೆಯಲ್ಲೇ ಸಿಕ್ಲಿಡ್ ಸಾಕಿದ್ದರು. ಆಫ್ರಿಕಾದ ಜ್ಯೂಯೆಲ್ ಫಿಶ್‌ನ ಒಂದು ಗಂಡು ಸಂಜೆ ದಾರಿತಪ್ಪಿದ ಮರಿಗಳನ್ನು ಬಾಯಲ್ಲಿ ಎತ್ತಿ ಗೂಡಿಗೆ ತರುತ್ತಿತ್ತು. ಒಮ್ಮೆ ಬಾಯಲ್ಲಿ ಆಗಲೇ ಹುಳುವಿದ್ದಾಗ ಮರಿಯನ್ನೂ ಎತ್ತಿಕೊಂಡು ಕ್ಷಣಕಾಲ ನಿಂತಿತು. ಎರಡನ್ನೂ ಹೊರಗೆ ಉಗುಳಿ, ಮರಿಯ ಮೇಲೆ ಕಣ್ಣಿಟ್ಟೇ ಹುಳುವನ್ನು ತಿಂದು, ಆಮೇಲೆ ಮರಿಯನ್ನು ಗೂಡಿಗೊಯ್ದಿತು. ಜಗಳಗಂಟ ಎನಿಸಿಕೊಂಡ ಮೀನಿನ ಒಳಗೆ ಎಂಥ ತಂದೆಯಿದ್ದಾನೆ ಎಂದು ಹವ್ಯಾಸಿಗಳಿಗೆ ತೋರಿಸಿಕೊಟ್ಟ ದೃಶ್ಯ ಅದು. 1963ರ ಪುಸ್ತಕದಲ್ಲಿ ಅವರು ಇನ್ನೊಂದು ಮುಖ್ಯ ಸಂಗತಿಯನ್ನು ಬರೆದರು: ಪಕ್ಕದ ಜಾಗದ ಎದುರಾಳಿಯನ್ನು ತೆಗೆದುಬಿಟ್ಟರೆ, ಗಂಡು ತನ್ನ ಹೆಣ್ಣಿನ ಮೇಲೆಯೇ ಬೀಳುತ್ತದೆ. ಕೋಪ ಒಳಗೆ ತುಂಬಿ ತುಳುಕುತ್ತದೆ ಎಂಬ ಅವರ ಸಿದ್ಧಾಂತವನ್ನು ಮುಂದೆ ಅನೇಕರು ಒಪ್ಪಲಿಲ್ಲ, ನಾನೂ ಒಪ್ಪುವುದಿಲ್ಲ. ತೊಟ್ಟಿಯ ಮುಂದೆ ಕೂತು ಕಂಡದ್ದು ಮಾತ್ರ ನಿಜ. ಜೋಡಿಯೊಂದನ್ನು ಸಾಕಿದ ಯಾರಿಗಾದರೂ ಇದು ಗೊತ್ತು.

ಅರವತ್ತರ, ಎಪ್ಪತ್ತರ ದಶಕಗಳಲ್ಲಿ ಸಿಲಿಕೋನ್ ಅಂಟು ಬಂತು. ಚೌಕಟ್ಟಿಲ್ಲದ ದೊಡ್ಡ ತೊಟ್ಟಿ ಕಟ್ಟುವುದು ಸಾಧ್ಯವಾಯಿತು. ಅದೇ ಹೊತ್ತಿಗೆ ಮಲಾವಿ ಸರೋವರದ ಬಂಡೆವಾಸಿ ಮೀನುಗಳಾದ ಎಂಬೂನಾ ಮಾರುಕಟ್ಟೆಗೆ ಬಂದವು. ಅವುಗಳ ಪೈಕಿ ಆರಾಟಸ್ ಬೆರಳುದ್ದಕ್ಕಿಂತ ಸ್ವಲ್ಪ ದೊಡ್ಡದು, ಆದರೆ ತನ್ನದೇ ಜಾತಿಯ ಇನ್ನೊಂದು ಗಂಡನ್ನು ಬದುಕಲು ಬಿಡುವುದಿಲ್ಲ. ಹವ್ಯಾಸಿಗಳು ಕಂಡುಕೊಂಡ ಉಪಾಯ ಮೀನುಗಳನ್ನು ಕಿಕ್ಕಿರಿಯುವಂತೆ ತುಂಬುವುದು: ಒಂದು ಗಂಡಿಗೆ ಮೂರು ನಾಲ್ಕು ಹೆಣ್ಣು, ತಳದಿಂದ ಮೇಲಿನವರೆಗೆ ಬಂಡೆ, ಎಲ್ಲ ಮೀನುಗಳನ್ನೂ ಒಂದೇ ದಿನ ಬಿಡುವುದು. ಯಾರಿಗೂ ಸ್ವಂತ ಜಾಗ ಸಿಗದಂತೆ ಮಾಡಿ, ಹೊಡೆತ ಹತ್ತು ಮೀನುಗಳಿಗೆ ಹಂಚಿಹೋಗುವಂತೆ ಮಾಡುವ ವಿಧಾನ ಇದು. ಬೆಂಗಳೂರಿನ ಗಡಸು ಬೋರ್‌ವೆಲ್ ನೀರು ಈ ಮೀನುಗಳಿಗೆ ಚೆನ್ನಾಗಿ ಒಗ್ಗುತ್ತದೆ, ಹಾಗಾಗಿ ಇಲ್ಲಿಯೂ ಹಲವರು ಇದೇ ದಾರಿ ಹಿಡಿದರು. ನೋಡಲು ಚೆಂದ, ಸಾಯುವ ಮೀನುಗಳೂ ಕಡಿಮೆ. ಆದರೆ ಅದರಲ್ಲಿ ಮೀನಿನ ಸಂಸಾರ ಕಾಣುವುದಿಲ್ಲ.

ನನ್ನ ತಲೆಮಾರು ಕಲಿತದ್ದು ಇನ್ನೊಂದು ಪಂಥದಿಂದ. ಅದರ ಹಿಂದಿದ್ದವರು ಬರ್ಕ್‌ಲಿಯ ವಿಜ್ಞಾನಿ ಜಾರ್ಜ್ ಬಾರ್ಲೋ, ಮತ್ತು 1985ರಲ್ಲಿ ‘ದ ಸಿಕ್ಲಿಡ್ ಅಕ್ವೇರಿಯಂ’ ಬರೆದ ಪಾಲ್ ಲೊಯ್ಸೆಲ್. ನಿಕರಾಗುವಾದ ಸರೋವರಗಳ ಮೈಡಾಸ್ ಸಿಕ್ಲಿಡ್‌ಗಳಲ್ಲಿ ಬೂದು ಮೀನುಗಳ ನಡುವೆ ಕೆಲವು ಚಿನ್ನದ ಬಣ್ಣದವು ಇವೆ. ಒಂದೇ ಗಾತ್ರದ ಬೂದು ಮೀನನ್ನು ಚಿನ್ನದ್ದು ಸೋಲಿಸುತ್ತದೆ ಎಂದು ಬಾರ್ಲೋ ತೋರಿಸಿದರು. 1968ರಲ್ಲಿ ಅವರು ಬರೆದ ಒಂದು ಲೇಖನ ತೊಟ್ಟಿ ಕಟ್ಟುವವರಿಗೆ ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು. ಮೇಲ್ನೀರಿನಲ್ಲಿ ಚುರುಕಾಗಿ ಓಡಾಡುವ ಸಣ್ಣ ಮೀನುಗಳ ಹಿಂಡು ಇದ್ದರೆ ಸಿಕ್ಲಿಡ್‌ಗಳ ಹೆದರಿಕೆ ಕಡಿಮೆಯಾಗುತ್ತದೆ ಎಂಬುದು ಅದರ ಸಾರ. ಇವನ್ನು ಡಿದರ್ ಮೀನು ಎನ್ನುತ್ತಾರೆ. ಪಶ್ಚಿಮದ ಹವ್ಯಾಸಿಗಳು ಇದಕ್ಕೆ ಹೆಚ್ಚಾಗಿ ಬಳಸಿದ್ದು ನಮ್ಮ ಮಲೆನಾಡಿನ ಹಳ್ಳಗಳಲ್ಲಿ ಈಜುವ ಜಯಂಟ್ ಡೇನಿಯೋವನ್ನು. ಹಿಂಡು ಇದ್ದರೆ ಜೋಡಿಗೆ ಸಂಶಯಪಡಲು ಹೊರಗಿನವರು ಸಿಗುತ್ತಾರೆ, ಗಂಡು ಹೆಣ್ಣನ್ನು ಬಿಟ್ಟು ಅವುಗಳ ಬೆನ್ನು ಹತ್ತುತ್ತದೆ. ಲಾರೆಂಜ್ ಹೇಳಿದ್ದ ಪಕ್ಕದ ಮನೆಯವನ ಕೆಲಸ ಇದೇ.

ಈ ಪಂಥದ ತೊಟ್ಟಿ ನೆಲದಿಂದ ಶುರುವಾಗುತ್ತದೆ. ಎತ್ತರ ಮುಖ್ಯವಲ್ಲ, ಉದ್ದ ಮತ್ತು ಅಗಲ ಮುಖ್ಯ. ಕನ್ವಿಕ್ಟ್ ಸಿಕ್ಲಿಡ್ ಜೋಡಿಗೆ ಮೂರು ಅಡಿ ಸಾಕು. ದೊಡ್ಡ ಗಾತ್ರದ ಜಾಗ್ವಾರ್ ಸಿಕ್ಲಿಡ್ ಜೋಡಿಗೆ ಆರು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ತೊಟ್ಟಿ ಕನಿಷ್ಠ. ಅದರಲ್ಲಿ ಸುಮಾರು 680 ಲೀಟರ್ ನೀರು ಹಿಡಿಯುತ್ತದೆ, ನೀರಿನ ತೂಕವೇ ಅಷ್ಟು ಕಿಲೋ ಸ್ಟ್ಯಾಂಡಿನ ಮೇಲೆ ಬೀಳುತ್ತದೆ. ಕಲ್ಲುಗಳನ್ನು ಮೊದಲು ತಳದ ಮೇಲೆ ಭದ್ರವಾಗಿ ಕೂರಿಸಿ, ಆಮೇಲೆ ಮರಳು ಹಾಕಬೇಕು. ಮರಳಿನ ಮೇಲೆ ಇಟ್ಟ ಬಂಡೆಯ ಬುಡವನ್ನು ಈ ಮೀನುಗಳು ಒಂದೇ ರಾತ್ರಿಯಲ್ಲಿ ತೋಡಿ ಗಾಜಿನ ಮೇಲೆ ಉರುಳಿಸುತ್ತವೆ. ಒಂದು ತುದಿಯಿಂದ ಇನ್ನೊಂದು ತುದಿ ಕಾಣದಂತೆ ಬಂಡೆ, ಹೂಕುಂಡ, ಬೇರಿನ ತುಂಡುಗಳನ್ನು ಜೋಡಿಸಬೇಕು. ಲೊಯ್ಸೆಲ್ ಪ್ರಚಾರ ಮಾಡಿದ ಅಡ್ಡಗೋಡೆಯೂ ಇದೇ ಉದ್ದೇಶದ್ದು: ಸಣ್ಣ ಗಾತ್ರದ ಹೆಣ್ಣು ಮಾತ್ರ ನುಸುಳಬಲ್ಲ ತೂತುಗಳಿರುವ ತಡೆ. ಹೆಣ್ಣು ತನಗೆ ಬೇಕಾದಾಗ ಬರುತ್ತದೆ, ಬೇಡವಾದಾಗ ಹಿಂದಿರುಗುತ್ತದೆ. ವಾರಕ್ಕೊಮ್ಮೆ ಮೂರನೇ ಒಂದು ಭಾಗ ನೀರು ಬದಲಿಸುವುದನ್ನು ಇದರ ಜತೆಗೆ ಸೇರಿಸಿಕೊಂಡರೆ, ಜಗಳಗಂಟ ಎನಿಸಿಕೊಂಡ ಮೀನು ಎರಡು ತಿಂಗಳಲ್ಲಿ ಮರಿಗಳನ್ನು ಸುತ್ತ ಕಟ್ಟಿಕೊಂಡು ಓಡಾಡುವುದನ್ನು ನೋಡಬಹುದು. ಇಷ್ಟು ಚೆಲುವಾದ ಸಾಕಣೆ ಇನ್ನೊಂದನ್ನು ನಾನು ಕಂಡಿಲ್ಲ.

ತೊಂಬತ್ತರ ದಶಕದಲ್ಲಿ ಮಲೇಷ್ಯಾದಲ್ಲಿ ಮಧ್ಯ ಅಮೆರಿಕದ ಸಿಕ್ಲಿಡ್‌ಗಳನ್ನು ಬೆರಕೆ ಮಾಡಿ ಫ್ಲವರ್‌ಹಾರ್ನ್ ಸೃಷ್ಟಿಸಿದರು. ತಲೆಯ ಉಬ್ಬು ಎಷ್ಟು ದೊಡ್ಡದೋ ಅಷ್ಟು ಬೆಲೆ. ಮೀನನ್ನು ಆರಿಸುವಾಗ ಉಬ್ಬು, ಬಣ್ಣ, ಮೈಮೇಲಿನ ಕಪ್ಪು ಗುರುತು ಇಷ್ಟನ್ನೇ ನೋಡುತ್ತಾರೆ. ಅದು ಜೋಡಿಯಾಗುತ್ತದೆಯೇ, ಮರಿ ಕಾಯುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಮೀನಿನ ಮೇಲೆ ನನಗೆ ದ್ವೇಷವಿಲ್ಲ. ಒಂದಡಿ ಬೆಳೆಯುವ ಮೀನನ್ನು ಎರಡಡಿಯ ಬೋಳು ತೊಟ್ಟಿಯಲ್ಲಿಟ್ಟು, ಗಾಜಿಗೆ ಹಾಯುವುದನ್ನೇ ಚೈತನ್ಯ ಎಂದು ಹೊಗಳುವ ಪದ್ಧತಿಯನ್ನು ಮಾತ್ರ ನಾನು ಒಪ್ಪಲಾರೆ. ಸಾಕಲಾರದೆ ಅದನ್ನು ಕೆರೆಗೆ ಬಿಡುವುದು ಇನ್ನೂ ದೊಡ್ಡ ತಪ್ಪು. ಜಿಲೇಬಿ ನಮ್ಮ ಕೆರೆಗಳಿಗೆ ಏನು ಮಾಡಿದೆ ಎಂಬುದು ಎಲ್ಲರ ಕಣ್ಣೆದುರಿಗಿದೆ.

ಇವೆಲ್ಲ ಹೊರಗಿನಿಂದ ಬಂದವು; ಭಾರತದ ಮೂಲದ ಸಿಕ್ಲಿಡ್‌ಗಳು ಮೂರೇ. ಒಂದು, 2010ರಲ್ಲಿ ಕೇರಳ ತನ್ನ ರಾಜ್ಯ ಮೀನೆಂದು ಘೋಷಿಸಿದ ಕರಿಮೀನ್. ಇನ್ನೊಂದು ಪುಟ್ಟ ಕಿತ್ತಳೆ ಬಣ್ಣದ ಆರೆಂಜ್ ಕ್ರೊಮೈಡ್. ಅದರ ಮರಿಗಳು ತಂದೆ ತಾಯಿಯ ಮೈಮೇಲಿನ ಲೋಳೆಯನ್ನು ತಿನ್ನುತ್ತವೆ, ಆರೆಂಜ್ ಕ್ರೊಮೈಡ್ ಕರಿಮೀನಿನ ಮೈಯನ್ನು ಶುಚಿಗೊಳಿಸುತ್ತದೆ. ಇದರ ಬಗ್ಗೆ ಎಪ್ಪತ್ತರ ದಶಕದಲ್ಲಿ ಒಳ್ಳೆಯ ಅಧ್ಯಯನಗಳು ನಡೆದದ್ದು ಶ್ರೀಲಂಕಾದ ನೀರಿನಲ್ಲಿ. ಮೂರನೆಯದು ಎಟ್ರೊಪ್ಲಸ್ ಕೆನರೆನ್ಸಿಸ್. 1877ರಲ್ಲಿ ಫ್ರಾನ್ಸಿಸ್ ಡೇ ದಾಖಲಿಸಿದ ಈ ಮೀನಿನ ಹೆಸರಿನಲ್ಲೇ ಕೆನರಾ ಇದೆ. ದಕ್ಷಿಣ ಕನ್ನಡದ ನೇತ್ರಾವತಿ, ಕುಮಾರಧಾರಾ ಹೊಳೆಗಳೇ ಅದರ ನೆಲೆ. ಇಂದು ಅದು ಅಳಿವಿನಂಚಿನ ಪಟ್ಟಿಯಲ್ಲಿದೆ. ಜರ್ಮನಿಯ ಹವ್ಯಾಸಿಗಳಿಗೆ ಗೊತ್ತಿರುವ ಈ ಮೀನಿನ ಹೆಸರನ್ನು ನಮ್ಮ ಅಂಗಡಿಗಳಲ್ಲಿ ಕೇಳುವವರಿಲ್ಲ.

ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರಿಂದ ನೇತ್ರಾವತಿಯ ಮಗ್ಗುಲಲ್ಲೇ ಇದೆ. ಅಲ್ಲಿನ ವಿದ್ವಾಂಸರೂ ನಮ್ಮ ಹವ್ಯಾಸಿಗಳೂ ಜತೆಗೂಡಿ ಕೆನರೆನ್ಸಿಸ್‌ನ ಜೋಡಿ, ಗೂಡು, ಮರಿಗಳ ಬಗ್ಗೆ ಕನ್ನಡದಲ್ಲಿ ಬರೆದಿಡಬೇಕು. ಹೊಳೆಯಿಂದ ಹಿಡಿದು ತಂದ ಮೀನನ್ನು ಯಾರೂ ಕೊಳ್ಳಬೇಡಿ, ತೊಟ್ಟಿಯಲ್ಲೇ ಹುಟ್ಟಿದ ಮರಿ ಸಿಕ್ಕರೆ ಮಾತ್ರ ತನ್ನಿ. ತಂದವರು ನಾಲ್ಕು ಅಡಿಯ ತೊಟ್ಟಿ ಕಟ್ಟಿ, ಕಣ್ಮರೆಗೆ ಬಂಡೆ ಜೋಡಿಸಿ, ಕಂಡದ್ದನ್ನು ದಿನವೂ ಬರೆದಿಡಿ.