ಹೊಗೆಯಿಲ್ಲದ ಹೊಗೆಸೊಪ್ಪು

ಮೊನ್ನೆ ನಮ್ಮ ಟೀಮಿನವರೊಬ್ಬರು ಆನ್‌ಸೈಟ್‌ನಿಂದ ವಾಪಸ್ ಬರುವಾಗ ಒಂದು ಪೈಪು, ಅದಕ್ಕೆ ತುಂಬುವ ತಂಬಾಕಿನ ಒಂದು ತಗಡಿನ ಡಬ್ಬಿ ತಂದಿದ್ದರು. ನಾನು ಸೇದುವವನಲ್ಲ. ಆದರೂ ಮುಚ್ಚಳ ತೆಗೆದು ಮೂಗಿಗೆ ಹಿಡಿದರು ನೋಡಿ.. ಒಣದ್ರಾಕ್ಷಿ, ಒಣಹುಲ್ಲು, ಅದರ ಹಿಂದೆ ಎಲ್ಲೋ ಅಡಿಕೆ ಬೇಯಿಸುವ ಒಲೆಯ ಹೊಗೆ! ವರ್ಜೀನಿಯಾ ಎಲೆಯಿಂದ ಸಿಹಿ ಬರುತ್ತದಂತೆ, ಬರ್ಲಿ ಎಲೆಗೆ ಸಕ್ಕರೆ ಕಡಿಮೆಯಾದ್ದರಿಂದ ಹಾಕಿದ ಪರಿಮಳವನ್ನು ಹೀರಿಕೊಳ್ಳುತ್ತದಂತೆ, ಲಟಾಕಿಯಾ ಎಂಬ ಎಲೆಯನ್ನು ಸೌದೆಯ ಹೊಗೆಯಲ್ಲೇ ಹದ ಮಾಡುತ್ತಾರಂತೆ. ‘ಬ್ಲೆಂಡ್ ಮಾಡೋದು ದೊಡ್ಡ ವಿದ್ಯೆ ಮಾರಾಯ’ ಅಂದರು. ನನಗೆ ನೆನಪಾಗಿದ್ದು ಮಾತ್ರ ಹೊಸನಗರದ ಕಡೆಯ ನಮ್ಮ ಮನೆ ಜಗಲಿ, ಅಜ್ಜನ ಕವಳದ ತಟ್ಟೆ.

ಅಜ್ಜನೂ ಬ್ಲೆಂಡ್ ಮಾಡುತ್ತಿದ್ದ. ‘ಮಾಣೀ, ಕವಳದ ತಟ್ಟೆ ತಗಂಬಾ’ ಅಂತ ಕೂಗಿದರೆ ಶುರು. ಎಲೆಯನ್ನು ಪಂಚೆಗೆ ಒರೆಸಿ, ತೊಟ್ಟು ಚಿವುಟಿ, ಬೆನ್ನಿಗೆ ಸುಣ್ಣ ಸವರಿ, ಅಡಿಕೆ ಹೋಳು ಬಾಯಿಗೆ ಹಾಕಿಕೊಂಡು, ಕೊನೆಗೆ ಹೊಗೆಸೊಪ್ಪಿನ ಒಂದು ಚೂರನ್ನು ಅಂಗೈಯಲ್ಲಿ ಹೆಬ್ಬೆರಳಿಂದ ತಿಕ್ಕಿ ದವಡೆಗೆ. ಸಾಗರದ ಪೇಟೆಯಿಂದ ಹೊಸ ಕಟ್ಟು ಬಂದರೆ ಮೊದಲು ಮೂಸಿ ನೋಡಬೇಕು. ‘ಇದು ಬರೀ ಖಾರ, ಘಾಟೇ ಇಲ್ಲೆ’ ಅಂದನೆಂದರೆ ತಂದವನ ಕಥೆ ಮುಗಿಯಿತು :-) ತಮಾಷೆ ಅಂದರೆ, ಬೀಡಿ ಹಚ್ಚಿದವರನ್ನು ಅಂಗಳದ ಆಚೆ ಕಳಿಸುತ್ತಿದ್ದ ಮನುಷ್ಯ ಆತ. ಹೆಸರು ಹೊಗೆಸೊಪ್ಪು, ಹೊಗೆ ಕಂಡರೆ ಆಗದು!

ಈ ಹೆಸರು ಬಹಳ ದಿನದಿಂದ ನನ್ನ ತಲೆ ಕೊರೆಯುತ್ತಿತ್ತು. ಅಗಿಯುವ ಎಲೆಗೆ ಹೊಗೆಯ ಹೆಸರು ಯಾಕೆ? ತಮಿಳಿನ ಪುಗೈಯಿಲೈ, ಮಲಯಾಳದ ಪುಗಯಿಲ, ತೆಲುಗಿನ ಪೊಗಾಕು, ಎಲ್ಲವೂ ಹೊಗೆ ಎಲೆಯೇ. ಹಿಂದಿ, ಮರಾಠಿಯವರು ಪೋರ್ಚುಗೀಸರ ‘ತಬಾಕೋ’ವನ್ನು ತಂಬಾಕು ಮಾಡಿಕೊಂಡರು. ನಮ್ಮವರು ಕಂಡದ್ದನ್ನು ನೋಡಿ ಹೆಸರಿಟ್ಟರು. ಅಂದರೆ ಹೆಸರಿಟ್ಟವರು ಯಾರೋ ಇದನ್ನು ಸೇದುವುದನ್ನು ನೋಡಿದ್ದಾರೆ. ಅಗಿಯುವುದು ಆಮೇಲೆ ಬಂದದ್ದು. ನನ್ನ ವಾದ ಇಷ್ಟೇ: ನಾವು ‘ಅನಾದಿ ಕಾಲದಿಂದ’ ಎನ್ನುವ ಕವಳದಲ್ಲಿ ಹೊಗೆಸೊಪ್ಪು ಮಾತ್ರ ನಾನೂರು ವರ್ಷದ ಹೊಸ ನೆಂಟ.

ಎಲೆ, ಅಡಿಕೆ, ಸುಣ್ಣ ನಿಜಕ್ಕೂ ಹಳೆಯವು. ಕಲ್ಯಾಣದ ಚಾಲುಕ್ಯ ಮೂರನೇ ಸೋಮೇಶ್ವರ ಹನ್ನೆರಡನೇ ಶತಮಾನದ ತನ್ನ ಮಾನಸೋಲ್ಲಾಸದಲ್ಲಿ ತಾಂಬೂಲವನ್ನು ರಾಜಭೋಗಗಳಲ್ಲಿ ಒಂದಾಗಿ ಸೇರಿಸಿದ್ದಾನೆ. 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕ್ ಇದು ಹಸಿವು ತಣಿಸುತ್ತದೆ, ಮುಖಕ್ಕೆ ಕಳೆ ಕೊಡುತ್ತದೆ, ಮದ್ಯದ ಹಾಗೆ ಅಮಲೇರಿಸುತ್ತದೆ ಎಂದೆಲ್ಲ ಬರೆದ. ಆಗಿನ್ನೂ ಕೊಲಂಬಸ್ ಹುಟ್ಟಿರಲಿಲ್ಲ. ಅಮೆರಿಕದ ಗಿಡವಾದ ತಂಬಾಕು ಇಲ್ಲಿಗೆ ಬಂದಿರಲು ಸಾಧ್ಯವೇ ಇಲ್ಲ.

ಅದು ಬಂದದ್ದರ ಒಂದು ಒಳ್ಳೆಯ ಕಣ್ಣಾರೆ ಕಂಡ ವರದಿ ನಮ್ಮ ಬಿಜಾಪುರದಿಂದಲೇ ಸಿಗುತ್ತದೆ. ಅಕ್ಬರನ ಅಧಿಕಾರಿ ಅಸದ್ ಬೇಗ್ 1604ರ ಹೊತ್ತಿಗೆ ಇಮ್ಮಡಿ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನಕ್ಕೆ ಬಂದಿದ್ದ. ಅಲ್ಲಿ ತಂಬಾಕು ನೋಡಿದ, ಹಿಂದೂಸ್ತಾನದಲ್ಲಿ ಇಂಥದ್ದನ್ನು ಕಂಡೇ ಇರಲಿಲ್ಲ ಎನ್ನುತ್ತಾನೆ. ಒಂದು ಭಾರೀ ಪೈಪು ಮಾಡಿಸಿದ. ಸುಮಾತ್ರಾದ ಅಚೇಯಿಂದ ಬಂದ ಮೂರು ಮೊಳದ ಕೊಳವೆ, ಎರಡೂ ತುದಿಗೆ ರತ್ನದ ಕೆಲಸ, ಬಾಯಿಗಿಡುವ ತುದಿಗೆ ಯೆಮನ್‌ನ ಕೆಂಪು ಕಲ್ಲು, ಬೆಂಕಿ ಹಚ್ಚಲು ಚಿನ್ನದ ಬಟ್ಟಲು. ಇನ್ನು ತಂಬಾಕನ್ನು ತುಂಬಿದ್ದು ಯಾವುದರಲ್ಲಿ ಗೊತ್ತಾ? ಆದಿಲ್‌ಶಾಹ ಉಡುಗೊರೆ ಕೊಟ್ಟ ಎಲೆ ಅಡಿಕೆ ಸಂಚಿಯಲ್ಲಿ! ಒಂದು ಎಲೆಗೆ ಕಿಡಿ ತಾಗಿಸಿದರೆ ಸಾಕು, ಉಳಿದದ್ದೆಲ್ಲ ತಾನಾಗಿ ಉರಿಯುತ್ತ ಹೋಗುವಷ್ಟು ಒಳ್ಳೆಯ ಮಾಲು ಎಂದು ಹೊಗಳುತ್ತಾನೆ. ಡಬ್ಬಿ ಮುಚ್ಚಳದ ಮೇಲೆ ಬರೆಯುವವರ ಧಾಟಿಯೇ.

ಅಕ್ಬರ್ ಒಂದೆರಡು ದಮ್ಮು ಎಳೆದ. ಅಷ್ಟರಲ್ಲಿ ರಾಜವೈದ್ಯ ಬಂದು ಬೇಡವೆಂದ. ನಮ್ಮ ಗ್ರಂಥಗಳಲ್ಲಿ ಇದರ ಮಾತಿಲ್ಲ, ಪರೀಕ್ಷೆ ಮಾಡದ ವಸ್ತು ಎಂಬುದು ಅವನ ತಕರಾರು. ಫಿರಂಗಿಯವರೇನು ದಡ್ಡರೇ, ತಿಳಿಯದೆ ಸೇದುತ್ತಾರೆಯೇ ಎಂಬುದು ಅಸದ್ ಬೇಗನ ಉತ್ತರ. (ಇವತ್ತಿಗೂ ಇದೇ ಲಾಜಿಕ್ ಅಲ್ವಾ?) ಅಕ್ಬರ್ ಚಟ ಮಾಡಿಕೊಳ್ಳಲಿಲ್ಲ. ಆದರೆ ಸರದಾರರೆಲ್ಲ ನಮಗೂ ಬೇಕೆಂದರು, ವ್ಯಾಪಾರಿಗಳು ಮಾರತೊಡಗಿದರು. 1617ರಲ್ಲಿ ಜಹಾಂಗೀರ್ ನಿಷೇಧಿಸಿದ. ಅದು ಎಷ್ಟು ಫಲ ಕೊಟ್ಟಿತೆಂದು ಯಾವುದೇ ಬೀಡಾ ಅಂಗಡಿ ಎದುರು ನಿಂತರೆ ತಿಳಿಯುತ್ತದೆ.

ಬಿಜಾಪುರದಿಂದ ನಮ್ಮ ಮಲೆನಾಡಿಗೆ? ಇಲ್ಲಿ ನನ್ನದು ಊಹೆ. ಸಾಗರದ ಪಕ್ಕದ ಇಕ್ಕೇರಿಗೆ 1623ರಲ್ಲಿ ಪೋರ್ಚುಗೀಸ್ ರಾಯಭಾರಿ ಹೊನ್ನಾವರದಿಂದ ಘಟ್ಟ ಹತ್ತಿ ಬಂದಿದ್ದ. ಜೊತೆಗಿದ್ದ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ, ವೆಂಕಟಪ್ಪ ನಾಯಕನ ದರ್ಬಾರನ್ನು ಚೆನ್ನಾಗಿ ಬರೆದಿಟ್ಟಿದ್ದಾನೆ. ಅವರಿಗೆಲ್ಲ ಬೇಕಿದ್ದದ್ದು ನಮ್ಮ ಕಾಳುಮೆಣಸು. ಮೆಣಸು ಇಳಿದ ದಾರಿಯಲ್ಲೇ ಈ ಸೊಪ್ಪು ಹತ್ತಿರಬೇಕು. ಯಾಕೆಂದರೆ ಇದು ಇಲ್ಲಿ ಬೆಳೆದದ್ದಲ್ಲ. ಬುಡದಲ್ಲಿ ನೀರು ನಿಂತರೆ ಸಾಯುವ ಗಿಡ, ನಮ್ಮ ಮಳೆಗೆ ಎಲ್ಲಿ ಉಳಿದೀತು? ಹೊಗೆಸೊಪ್ಪು ಯಾವತ್ತೂ ಬಯಲುಸೀಮೆಯದು. ಸುಣ್ಣ ಕರಾವಳಿಯ ಚಿಪ್ಪಿನದು. ತೋಟದ್ದು ಅಂದರೆ ಅಡಿಕೆ, ಮರಕ್ಕೆ ಹಬ್ಬಿದ ಎಲೆ ಬಳ್ಳಿ.

ಇನ್ನೊಂದು ಸಾಕ್ಷಿ ನಮ್ಮ ಮನೆಯಲ್ಲೇ ಇದೆ. ಮದುವೆ, ಪೂಜೆ, ಶ್ರಾದ್ಧ, ಯಾವುದಕ್ಕೇ ತಾಂಬೂಲ ಕೊಡಲಿ, ಹೊಗೆಸೊಪ್ಪು ಇಡುವುದಿಲ್ಲ. ಊಟವಾದ ಮೇಲೆ ಅದೇ ಭಟ್ಟರು ಜಗಲಿಗೆ ಬಂದು ಕೈ ಚಾಚುವುದು ಬೇರೆ ಮಾತು. ದೇವರಿಗೆ ಇನ್ನೂ ಹಳೆಯ ವರ್ಷನ್ನೇ ನಡೆಯುತ್ತಿದೆ, ನಮಗಷ್ಟೇ ಅಪ್‌ಡೇಟ್ ಆಗಿದ್ದು. ತೀರ್ಥಹಳ್ಳಿ ಅತ್ತೆಯ ಮನೆಯ ಆಚೀಚೆಯ ಗೌಡರ ಮನೆಗಳಲ್ಲೂ ಹೀಗೇ, ಅವರು ಕವಳ ಅನ್ನುವುದಿಲ್ಲ, ಎಲೆಅಡಿಕೆ ಅನ್ನುತ್ತಾರೆ ಅಷ್ಟೆ.

ಈ ನೆಂಟ ಇಷ್ಟು ಗಟ್ಟಿಯಾಗಿ ಕೂತದ್ದು ಸುಣ್ಣದಿಂದ. ಸಿಗರೇಟಿನ ಹೊಗೆ ಸ್ವಲ್ಪ ಆಮ್ಲೀಯ, ಶ್ವಾಸಕೋಶಕ್ಕೆ ಎಳೆದರೇ ನಿಕೋಟಿನ್ ಸಿಗುವುದು. ಗಾಳಿಯಲ್ಲಿ ಒಣಗಿಸಿದ ಎಲೆಯ ಚುಟ್ಟಾದ ಹೊಗೆ ಕ್ಷಾರೀಯ, ಒಳಗೆ ಎಳೆಯದಿದ್ದರೂ ಬಾಯಿಯ ಒಳಚರ್ಮವೇ ಹೀರುತ್ತದೆ. ಸುಣ್ಣ ತಿಕ್ಕಿದ ಸೊಪ್ಪಿನಲ್ಲಿ ಆಗುವುದೂ ಅದೇ, ಬೆಂಕಿಯೇ ಬೇಡ. ಅಜ್ಜ ಹೆಬ್ಬೆರಳಿಂದ ತಿಕ್ಕುತ್ತಿದ್ದದ್ದು ಪಕ್ಕಾ ಕೆಮಿಸ್ಟ್ರಿ.

ಅಜ್ಜನ ಹುಣ್ಣು ಎದ್ದದ್ದೂ ಎಡಗಡೆ, ಕವಳ ಒತ್ತಿಕೊಳ್ಳುತ್ತಿದ್ದ ದವಡೆಯಲ್ಲೇ. ಹಲ್ಲು ತಾಗಿ ಆದದ್ದು ಅಂತ ಮೂರು ತಿಂಗಳು ಜೇನುತುಪ್ಪ ಹಚ್ಚಿದೆವು. ಆಸ್ಪತ್ರೆಯಲ್ಲಿ ದವಡೆಯ ಅರ್ಧ ತೆಗೆದರು. ಆಮೇಲೆ ಹದಿನಾಲ್ಕು ತಿಂಗಳಿದ್ದ, ಗಂಜಿ ಕುಡಿದುಕೊಂಡು. ಮಾತು ಅಮ್ಮಮ್ಮನಿಗೆ ಮಾತ್ರ ಅರ್ಥವಾಗುತ್ತಿತ್ತು.

ಎಲ್ಲ ತಪ್ಪನ್ನೂ ಹೊರಗಿನಿಂದ ಬಂದ ಸೊಪ್ಪಿನ ಮೇಲೆ ಹೊರಿಸಿ ಈ ಲೇಖನ ಮುಗಿಸಿದ್ದರೆ ನನಗೂ ಹಿತವಾಗುತ್ತಿತ್ತು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿ ತಂಬಾಕಿಲ್ಲದ ಎಲೆಅಡಿಕೆಯೂ, ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದಿತು. ಊರಲ್ಲಿ ಇದನ್ನು ಹೇಳಿ ನೋಡಿ, ಮುಂದಿನ ಸಲ ಕಾಫಿ ಸಿಗುವುದಿಲ್ಲ! ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು, ಈಗ ಪಾನ್ ಮಸಾಲ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದರಲ್ಲಿ, ಬೆರೆಸಿಕೊಳ್ಳುವ ಕೆಲಸ ಮಾತ್ರ ನಮ್ಮದು. ನಮ್ಮ ಮನೆಯ ಕೆಂಪಡಿಕೆ ಉತ್ತರದ ಕಡೆ ಹೋಗಿ ಏನಾಗುತ್ತದೆಂದು ಗೊತ್ತಿದ್ದೇ ನಾವು ಮೂಟೆ ಕಟ್ಟುತ್ತೇವೆ. ನನ್ನ ಇಂಜಿನಿಯರಿಂಗ್ ಫೀಸು, ಅಜ್ಜನ ಆಪರೇಷನ್ ಬಿಲ್ಲು, ಎರಡೂ ಅದೇ ದುಡ್ಡು.

ಕವಳದ ತಟ್ಟೆ ಈಗಲೂ ಜಗಲಿಯಲ್ಲಿದೆ. ಬಂದವರು ಎಲೆಗೆ ಸುಣ್ಣ ಹಚ್ಚುತ್ತ ಹೊಗೆಸೊಪ್ಪು ಹುಡುಕುತ್ತಾರೆ. ಅಪ್ಪಯ್ಯ ‘ಖರ್ಚಾಯ್ದು’ ಎನ್ನುತ್ತಾರೆ. ಆರು ವರ್ಷದಿಂದ ಅದನ್ನೇ ಹೇಳುತ್ತಿದ್ದಾರೆ.